ಸಿಪ್ಯಾಪ್ ಮೆಷಿನ್: ನಾಲ್ಕು ಮಳೆಗಾಲ ಕಳೆದ ಮೇಲೆ

ಕೊಂಡ ಎರಡೇ ವಾರಕ್ಕೆ ಐದು ಸ್ಟಾರ್ ಕೊಟ್ಟು ಬರೆದ ವಿಮರ್ಶೆಗಳು ಬೇಕಾದಷ್ಟು ಉಂಟು. ಸಿಪ್ಯಾಪ್ ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲುವವರಿಗೆ ಮಾಸ್ಕ್ ಮೂಲಕ ಒತ್ತಡದ ಗಾಳಿ ಊದಿ ಉಸಿರಿನ ದಾರಿ ತೆರೆದಿಡುವ ಮೆಷಿನ್. ನಾನು ಅದರ ಮಾಸ್ಕ್ ಕಟ್ಟಿಕೊಂಡು ಮಲಗಲು ಶುರು ಮಾಡಿ ನಾಲ್ಕು ವರ್ಷ ಆಯಿತು. ಹಾಗಾಗಿ ಆಮೇಲಿನ ಕಥೆ ಹೇಳುತ್ತೇನೆ.

ಒಂದು ಮಧ್ಯಾಹ್ನ ಮಂಗಳೂರಿನ ನಂತೂರಿನಲ್ಲಿ ಟ್ರಾಫಿಕ್ ನಿಂತಿತ್ತು. ಸ್ಕೂಟರ್ ಮೇಲೆ ಕೂತಲ್ಲೇ ತೂಕಡಿಸಿದೆ. ಹಿಂದಿನ ಸಿಟಿ ಬಸ್ಸಿನ ಹಾರ್ನ್‌ಗೆ ಎಚ್ಚರವಾಯಿತು. ಆಮೇಲೆ ನಿದ್ರೆ ಪರೀಕ್ಷೆ ಮಾಡಿಸಿದರೆ, ಗಂಟೆಗೆ 38 ಸಲ ಉಸಿರು ನಿಲ್ಲುವುದು ಇಲ್ಲವೇ ಕುಗ್ಗುವುದು ಅಂತ ಬಂತು. 30 ದಾಟಿದರೆ ತೀವ್ರ. ಪ್ರತಿ ಸಲವೂ ರಕ್ತದ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಎಬ್ಬಿಸುತ್ತದೆ, ಬಿಪಿ ಏರುತ್ತದೆ. ನಾವು ಮಲಗಿದ್ದೇವೆ ಅಂದುಕೊಂಡಿರುತ್ತೇವೆ, ಹೃದಯ ಮಾತ್ರ ರಾತ್ರಿಯಿಡೀ ಗುಡ್ಡೆ ಹತ್ತುತ್ತಿರುತ್ತದೆ.

ಮೊದಲ ಮೂರು ತಿಂಗಳು ಸೋಲು. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲೇ ಮಾಸ್ಕ್ ಕಿತ್ತು ಎಸೆಯುತ್ತಿದ್ದೆ. ಮೆಷಿನ್ ಲೆಕ್ಕದಲ್ಲಿ ದಿನಕ್ಕೆ ಮೂರು ಗಂಟೆ ಬಳಕೆ. ಡಾಕ್ಟರ್ ಆಗ 2016ರ ಒಂದು ದೊಡ್ಡ ಅಧ್ಯಯನದ ವಿಷಯ ಹೇಳಿದರು. ಆಗಲೇ ಹೃದಯದ ಕಾಯಿಲೆಯೋ ಪಾರ್ಶ್ವವಾಯುವೋ ಇದ್ದ 2,700ಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಸಿಪ್ಯಾಪ್ ಕೊಟ್ಟರೂ ಹೃದಯಾಘಾತ, ಪಾರ್ಶ್ವವಾಯು ಕಡಿಮೆ ಆಗಲಿಲ್ಲ. ಆದರೆ ಅವರ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ. ನಂದೂ ಅಷ್ಟೇ ಅಲ್ವಾ ಅನಿಸಿತು. ಜಾಸ್ತಿ ಹೊತ್ತು ಹಾಕಿದರೆ ಹೃದಯ ಉಳಿದೇ ಉಳಿಯುತ್ತದೆ ಅಂತ ಅವರೂ ಗ್ಯಾರಂಟಿ ಕೊಡಲಿಲ್ಲ. ಆದರೂ ಹಟ ಹಿಡಿದೆ.

ಮೆಷಿನ್‌ಗಿಂತ ಮಾಸ್ಕ್ ಮುಖ್ಯ ಮಾರಾಯ್ರೆ. ಮೊದಲಿನದು ಮೂಗಿನ ಬದಿಯಿಂದ ಸುಂಯ್ ಅಂತ ಗಾಳಿ ಬಿಡುತ್ತಿತ್ತು. ಮಾರಿದ ಅಂಗಡಿಯವರು ಹಣ ಎಣಿಸಿಕೊಂಡ ಮೇಲೆ ಫೋನ್ ಎತ್ತಲಿಲ್ಲ. ಮೂಗಿನ ಹೊಳ್ಳೆಗೆ ಕೂರುವ ಚಿಕ್ಕ ಮಾಸ್ಕ್ ನಾನೇ ಹುಡುಕಿ ತಂದೆ. ಈಗ ಆರೂವರೆ ಗಂಟೆ ಆರಾಮ. ಉಸಿರು ನಿಲ್ಲುವುದು ಗಂಟೆಗೆ ಮೂರಕ್ಕೆ ಇಳಿದಿದೆ.

ನಮ್ಮೂರಿನ ಮಳೆಗಾಲದ ವಿಷಯ ಯಾವ ಪುಸ್ತಕದಲ್ಲೂ ಬರೆದಿಲ್ಲ. ಜುಲೈ ರಾತ್ರಿ ಪೈಪಿನೊಳಗೆ ನೀರು ಕಟ್ಟಿ ಗುಳುಗುಳು ಅನ್ನುತ್ತದೆ, ಮೂಗಿಗೇ ಹನಿ ಬೀಳುತ್ತದೆ. ಮೆಷಿನ್ ಗಾಳಿಗೆ ಸೇರಿಸುವ ತೇವಾಂಶದ ಸೆಟ್ಟಿಂಗ್ ನಾಲ್ಕರಿಂದ ಒಂದಕ್ಕೆ ಇಳಿಸಿದೆ, ಪೈಪಿಗೆ ಹಳೆ ಬೈರಾಸು ಸುತ್ತಿದೆ, ಸರಿಯಾಯಿತು. ಫಿಲ್ಟರ್‌ಗೆ ಬೂಷ್ಟು ಹಿಡಿಯುತ್ತದೆ. ಮಳೆಯಲ್ಲಿ ತಿಂಗಳಿಗೊಂದು ಬೇಕೇ ಬೇಕು.

ಲಾಭ? ಹಗಲಿನ ತೂಕಡಿಕೆ ಹೋಯಿತು, ಅದು ಖಂಡಿತ. ಬಿಪಿ 150ರ ಮೇಲಿದ್ದದ್ದು 130ರ ಆಸುಪಾಸಿಗೆ ಬಂದಿದೆ. ಆದರೆ ನಾನು ಒಣಮೀನು, ಉಪ್ಪಿನಕಾಯಿ ಎರಡನ್ನೂ ಬಿಟ್ಟೆ. ಮಾರ್ಕ್ ಯಾರಿಗೆ ಕೊಡುವುದು? ಸಿಪ್ಯಾಪ್‌ನಿಂದ ಸರಾಸರಿ ಇಳಿಯುವುದು ಎರಡು ಮೂರು ಪಾಯಿಂಟ್ ಮಾತ್ರ ಅಂತೆ. ಮಾತ್ರೆ ಎರಡೂ ಮುಂದುವರಿದಿವೆ.

ನೆನಪಿನ ವಿಷಯ ಇನ್ನೂ ಗೋಜಲು. ನಾನು ಸೊಸೈಟಿಯಲ್ಲಿ ಕ್ಯಾಶಿಯರ್. ಮೊದಲು ನೋಟಿನ ಕಟ್ಟು ಮೂರು ಸಲ ಎಣಿಸಿದರೂ ಅನುಮಾನ ಇರುತ್ತಿತ್ತು, ಈಗ ಒಂದೇ ಸಲಕ್ಕೆ ಮುಗಿಯುತ್ತದೆ. ಆದರೆ ಹಳೇ ಗ್ರಾಹಕರ ಹೆಸರು ಇನ್ನೂ ನಾಲಿಗೆಯ ತುದಿಯಲ್ಲೇ ನಿಲ್ಲುತ್ತದೆ. ಗಮನ ವಾಪಸ್ ಬಂತು, ಹೆಸರು ಬರಲಿಲ್ಲ.

ಮೆಷಿನ್‌ಗೆ ನಾಲ್ಕು ಸ್ಟಾರ್, ಅಂಗಡಿಗೆ ಒಂದು. ಇನ್ವರ್ಟರ್ ಖರ್ಚನ್ನೂ ಬಜೆಟ್‌ನಲ್ಲಿ ಇಟ್ಟುಕೊಳ್ಳಿ. ಅದು ಬರುವ ಮೊದಲು, ಕರೆಂಟ್ ಹೋದದ್ದು ಮನೆಯವಳಿಗೆ ಗೊತ್ತಾಗುತ್ತಿದ್ದದ್ದು ಫ್ಯಾನ್ ನಿಂತದ್ದರಿಂದ ಅಲ್ಲ, ನನ್ನ ಗೊರಕೆ ಶುರುವಾದದ್ದರಿಂದ.