ಬರೆದು ತುಂಬಿದ ಪ್ರತಿಗಳನ್ನೇ ಕೇಳಿ: ಕ್ರ್ಯಾಡ್ಲಿ ಹೀತ್ ಸ್ಪೀಡ್‌ವೇ ತಂಡದ ಹಳೆಯ ಪಂದ್ಯಪುಸ್ತಿಕೆಗಳು

ಇಂಗ್ಲೆಂಡಿನ ಕ್ರ್ಯಾಡ್ಲಿ ಹೀತ್ ಸ್ಪೀಡ್‌ವೇ ತಂಡದ ಹದಿನಾಲ್ಕು ಹಳೆಯ ಪಂದ್ಯಪುಸ್ತಿಕೆಗಳ (ಪಂದ್ಯದ ದಿನ ಪ್ರೇಕ್ಷಕರಿಗೆ ಮಾರುವ ಕಿರುಹೊತ್ತಗೆಗಳ) ಕಟ್ಟೊಂದನ್ನು ಹವ್ಯಾಸಿ ಮಾರಾಟಗಾರರೊಬ್ಬರಿಂದ ಅಂಚೆಯ ಮೂಲಕ ತರಿಸಿಕೊಂಡೆ. ಅಂಚೆವೆಚ್ಚವೂ ಸೇರಿ 26 ಪೌಂಡ್ ಆಯಿತು. ಅಂಕಪಟ್ಟಿಯಲ್ಲಿ ಯಾರೂ ಗೆರೆ ಎಳೆಯದ ಮೂರು ‘ಶುಭ್ರ’ ಪ್ರತಿಗಳಿಗೆ ಅವರು ಹೆಚ್ಚು ಬೆಲೆ ಹಾಕಿದ್ದರು. ಯಾವನೋ ಪ್ರೇಕ್ಷಕ ಪಂದ್ಯ ನೋಡುತ್ತ ಅಂಕ ತುಂಬಿದ ಹನ್ನೊಂದನ್ನು ‘ಬಳಸಿದ್ದು’ ಎಂದು ಅಗ್ಗಕ್ಕೆ ಕೊಟ್ಟರು. ಮೂರು ವಾರ ಇವುಗಳ ಜೊತೆ ಕಳೆದ ಮೇಲೆ, ಈ ಬೆಲೆ ನಿಗದಿ ಪೂರ್ತಿ ತಲೆಕೆಳಗಾಗಿದೆ ಎಂದೇ ನನಗೆ ತೋರುತ್ತದೆ.

ಆಟದ ಪರಿಚಯವಿಲ್ಲದವರಿಗೆ ಒಂದು ಮಾತು ಹೇಳಬೇಕು. ಸ್ಪೀಡ್‌ವೇ ಎಂದರೆ ಬ್ರೇಕೇ ಇಲ್ಲದ, ಒಂದೇ ಗೇರಿನ, ಮೆಥನಾಲ್ ಕುಡಿಯುವ 500 ಸಿಸಿ ಬೈಕುಗಳನ್ನು ಮೊಟ್ಟೆಯಾಕಾರದ ಸಡಿಲ ನೆಲದ ಮೇಲೆ, ತಿರುವುಗಳಲ್ಲಿ ಹಿಂದಿನ ಚಕ್ರವನ್ನು ಜಾರಿಸಿಕೊಂಡು ಎಡಕ್ಕೇ ಸುತ್ತಿಸುವ ಓಟ. ಪಂದ್ಯದ ಒಂದೊಂದು ಕಿರು ಓಟವನ್ನು ‘ಹೀಟು’ ಎನ್ನುತ್ತಾರೆ; ಪ್ರತಿ ಹೀಟಿನಲ್ಲಿ ಎರಡೂ ತಂಡಗಳಿಂದ ಇಬ್ಬಿಬ್ಬರಂತೆ ನಾಲ್ವರು ಸವಾರರು ನಾಲ್ಕು ಸುತ್ತು ಹಾಕುತ್ತಾರೆ. ಸುಮಾರು ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಮೊದಲು ಬಂದವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. 1980ರ ದಶಕದ ಆರಂಭದಲ್ಲಿ ಲೀಗ್ ಪಂದ್ಯಕ್ಕೆ 13 ಹೀಟುಗಳಿದ್ದುದರಿಂದ ಒಟ್ಟು 78 ಅಂಕಗಳು, ಗೆಲುವಿಗೆ 40. ಹೀಟು ಮುಗಿದು ಮುಂದಿನದು ಶುರುವಾಗುವವರೆಗಿನ ಬಿಡುವಿನಲ್ಲಿ ಪ್ರೇಕ್ಷಕರು ಪುಸ್ತಿಕೆಯ ನಡುಪುಟದ ಚೌಕಗಳಲ್ಲಿ ಅಂಕಗಳನ್ನು ತಾವೇ ಬರೆದುಕೊಳ್ಳುತ್ತಾರೆ. ಎಂದರೆ ಅಚ್ಚಾಗಿರುವುದು ಪಂದ್ಯಕ್ಕೆ ಮುಂಚಿನ ಸುದ್ದಿ ಮಾತ್ರ. ನಡೆದದ್ದೇನು ಎಂಬುದು ಕೈಬರಹದಲ್ಲಿರುತ್ತದೆ.

ಕ್ರ್ಯಾಡ್ಲಿ ಹೀತ್ ಬರ್ಮಿಂಗ್‌ಹ್ಯಾಮಿನ ಪಶ್ಚಿಮಕ್ಕಿರುವ ‘ಬ್ಲ್ಯಾಕ್ ಕಂಟ್ರಿ’ ಪ್ರದೇಶದ ಸಣ್ಣ ಪಟ್ಟಣ. ಕಬ್ಬಿಣದ ಸರಪಳಿ ತಯಾರಿಕೆಗೆ ಹೆಸರಾಗಿದ್ದ ಈ ಊರಿನಲ್ಲಿ 1910ರಲ್ಲಿ ಮೇರಿ ಮ್ಯಾಕಾರ್ಥರ್ ಅವರ ಮುಂದಾಳತ್ವದಲ್ಲಿ ಸರಪಳಿ ಬಡಿಯುವ ಹೆಂಗಸರು ಹತ್ತು ವಾರ ಮುಷ್ಕರ ಹೂಡಿ, ಗೆದ್ದಿದ್ದರು. ಅಂಥ ಊರಿನ ಹೆಸರು ಹೊತ್ತ ತಂಡ 1947ರಲ್ಲಿ ಪಕ್ಕದ ಡಡ್ಲಿ ವುಡ್ ಕ್ರೀಡಾಂಗಣದಲ್ಲಿ ಓಟ ಆರಂಭಿಸಿತು. ಊರಿನ ಹೆಸರಿನ ಜೊತೆ ಆಟವಾಡಿ ಕಟ್ಟಿದ ‘ಹೀತನ್ಸ್’ ಎಂಬ ಅಡ್ಡಹೆಸರಿಗೆ ನಂಬಿಕೆಯಿಲ್ಲದವರು ಎಂಬ ಅರ್ಥವೂ ಇದೆ. ಶನಿವಾರ ರಾತ್ರಿ ಓಟ ನೋಡಿ ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುತ್ತಿದ್ದವರೂ ಅದನ್ನು ಹೆಮ್ಮೆಯಿಂದಲೇ ಕೂಗಿದ್ದಾರು.

ನನ್ನ ಕಟ್ಟಿನಲ್ಲಿ 1960ರ ದಶಕದ ಪ್ರತಿ ಒಂದೇ ಒಂದು. ತೆಳ್ಳಗಿನ ಕಾಗದ, ತುಕ್ಕು ಹಿಡಿದ ಪಿನ್ನು, ಎರಡನೇ ದರ್ಜೆಯ ಪ್ರಾವಿನ್ಶಿಯಲ್ ಲೀಗಿನ ಕಾಲದ್ದು. 1952ರ ನಂತರ ನಿಂತುಹೋಗಿದ್ದ ತಂಡ 1960ರಲ್ಲಿ ಈ ಲೀಗಿನ ಮೂಲಕ ಮರಳಿ ಬಂದು, 1961 ಮತ್ತು 1963ರಲ್ಲಿ ಅದರ ನಾಕೌಟ್ ಕಪ್ ಗೆದ್ದಿತ್ತು. 1970ರ ದಶಕದ ಎರಡು ಪ್ರತಿಗಳ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. 1972ರ ವೆಂಬ್ಲಿ ವಿಶ್ವ ಫೈನಲ್‌ನಲ್ಲಿ ಐವನ್ ಮೇಜರ್ ಎದುರಿನ ನಿರ್ಣಾಯಕ ಮರು ಓಟದಲ್ಲಿ ಸೋತು ಎರಡನೆಯವನಾದ ಸ್ವೀಡನ್ನಿನ ಬೆರ್ಂಟ್ ಪೆರ್ಸನ್ ಆ ಕಾಲದ ಕ್ರ್ಯಾಡ್ಲಿ ಸವಾರ ಎಂಬುದನ್ನು ನೆನೆದು ಮುಂದೆ ಹೋಗಬಹುದು.

ಕಟ್ಟಿನ ನಿಜವಾದ ಸತ್ವವಿರುವುದು 1981ರಿಂದ 1985ರವರೆಗಿನ ಎಂಟು ಪ್ರತಿಗಳಲ್ಲಿ. ಎಂಟೂ ಒಬ್ಬನೇ ವ್ಯಕ್ತಿಯ ಕೈಬರಹ: ಏಳಕ್ಕೆ ಅಡ್ಡಗೆರೆ, ಬಿದ್ದವನಿಗೆ ಒಂದು ಅಕ್ಷರ, ಎಂಜಿನ್ ಕೆಟ್ಟವನಿಗೆ ಇನ್ನೊಂದು, ಓಟದಿಂದ ಹೊರಹಾಕಲ್ಪಟ್ಟವನಿಗೆ ಕೋಪದಿಂದ ಒತ್ತಿ ಬರೆದ ಗುಣಾಕಾರ ಚಿಹ್ನೆ. ಮಳೆಯ ರಾತ್ರಿಗಳಲ್ಲಿ ಮೊದಲೆರಡು ಹೀಟುಗಳನ್ನು ಬಾಲ್‌ಪೆನ್ನಿನಲ್ಲಿ ಬರೆದು, ಒದ್ದೆ ಕಾಗದದ ಮೇಲೆ ಅದು ಕೈಕೊಟ್ಟಾಗ ಪೆನ್ಸಿಲ್ಲಿಗೆ ಬದಲಾಯಿಸಿಕೊಂಡಿದ್ದಾನೆ. ಒಂದು ಪುಸ್ತಿಕೆಯಲ್ಲಿ ಎಂಟನೆಯ ಹೀಟಿನ ನಂತರದ ಚೌಕಗಳೆಲ್ಲ ಖಾಲಿ. ಅಂಚಿನಲ್ಲಿ ‘ಮಳೆ’ ಎಂದಷ್ಟೇ ಇದೆ. ಅಚ್ಚಿಗೆ ಹೋದ ಮೇಲೆ ಗಾಯಗೊಂಡವರ ಹೆಸರನ್ನು ಹೊಡೆದುಹಾಕಿ ಬದಲಿ ಸವಾರನ ಹೆಸರನ್ನು ಮೇಲೆ ತುರುಕಿರುವುದು ಬಹುತೇಕ ಎಲ್ಲ ಪ್ರತಿಗಳಲ್ಲೂ ಕಾಣುತ್ತದೆ. ಶುಭ್ರ ಪ್ರತಿಯನ್ನೇ ನಂಬಿ ಕೂತರೆ, ಆ ರಾತ್ರಿ ಓಡದೇ ಇದ್ದವನು ಓಡಿದ ಎಂದು ತಿಳಿದುಕೊಳ್ಳುವ ಅಪಾಯವಿದೆ.

ಈ ಬರಹಗಾರ ನೋಡಿದ್ದು ತಂಡದ ಅತ್ಯುತ್ತಮ ಕಾಲವನ್ನು. 1981ರಲ್ಲಿ ಕ್ರ್ಯಾಡ್ಲಿ ಮೊದಲ ಬಾರಿಗೆ ಬ್ರಿಟಿಷ್ ಲೀಗ್ ಗೆದ್ದಿತು. ಅದೇ ವರ್ಷ ಅದರ ಕ್ಯಾಲಿಫೋರ್ನಿಯಾದ ಸವಾರ ಬ್ರೂಸ್ ಪೆನ್‌ಹಾಲ್ ವೆಂಬ್ಲಿಯಲ್ಲಿ ವಿಶ್ವ ಚಾಂಪಿಯನ್ ಆದ. ಮರುವರ್ಷ ಆಗಸ್ಟ್ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಕೊಲಿಸಿಯಂನಲ್ಲಿ ಆ ಪಟ್ಟವನ್ನು ಉಳಿಸಿಕೊಂಡು, ವಿಜಯವೇದಿಕೆಯ ಮೇಲಿಂದಲೇ ನಿವೃತ್ತಿ ಘೋಷಿಸಿ ಟೆಲಿವಿಷನ್ ನಟನೆಗೆ ಹೊರಟುಹೋದ. ಇದು ಎಲ್ಲರೂ ಹೇಳುವ ಕಥೆ. ಆದರೆ 1982ರ ಜುಲೈ ಪ್ರತಿಯನ್ನೂ ಸೆಪ್ಟೆಂಬರ್ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಮೊದಲ ಸಾಲಿನ ಆ ಹೆಸರು ಸದ್ದಿಲ್ಲದೆ ಮಾಯವಾಗಿರುವುದು ಬೇರೆಯದೇ ರೀತಿಯಲ್ಲಿ ತಟ್ಟುತ್ತದೆ. ಆದರೂ 1983ರಲ್ಲಿ ತಂಡ ಮತ್ತೆ ಲೀಗ್ ಗೆದ್ದಿತು. ಡೆನ್ಮಾರ್ಕಿನ ಎರಿಕ್ ಗುಂಡರ್‌ಸೆನ್ 1984, 1985 ಮತ್ತು 1988ರಲ್ಲಿ ವಿಶ್ವ ಚಾಂಪಿಯನ್ ಆದ. ಅವನ ದೇಶದವನೇ ಆದ ಯಾನ್ ಒ. ಪೆಡರ್‌ಸೆನ್ 1991ರಲ್ಲಿ. ಸಣ್ಣ ಪಟ್ಟಣವೊಂದು ಹತ್ತೇ ವರ್ಷಗಳಲ್ಲಿ ಮೂವರು ವಿಶ್ವ ಚಾಂಪಿಯನ್ನರನ್ನು ಶನಿವಾರ ಶನಿವಾರ ಕಣ್ಣೆದುರೇ ನೋಡಿತು.

ಕಟ್ಟಿನ ದೊಡ್ಡ ಕೊರತೆಯೆಂದರೆ 1986ರಿಂದ 1994ರವರೆಗಿನ ಒಂದೂ ಪ್ರತಿ ಇದರಲ್ಲಿಲ್ಲ. ಮಾರಾಟದ ವಿವರಣೆಯಲ್ಲಿ ‘ಎಲ್ಲ ದಶಕಗಳೂ’ ಎಂದಿತ್ತು. 1960ರ ದಶಕದಿಂದೀಚೆಗಿನ ಲೆಕ್ಕಕ್ಕೆ ಅದು ಸುಳ್ಳಲ್ಲ, ಆದರೆ ಪ್ರಾಮಾಣಿಕವೂ ಅಲ್ಲ. ನಾಕೌಟ್ ಕಪ್ಪನ್ನು 1987ರಿಂದ 1989ರವರೆಗೆ ಸತತವಾಗಿ ಗೆದ್ದ ಕಾಲ ಇದರಿಂದ ತಪ್ಪಿಹೋಗಿದೆ. 1989ರ ಸೆಪ್ಟೆಂಬರ್‌ನಲ್ಲಿ ಬ್ರ್ಯಾಡ್‌ಫರ್ಡಿನ ಓಡ್ಸಲ್‌ನಲ್ಲಿ ನಡೆದ ವಿಶ್ವ ತಂಡ ಕಪ್ ಫೈನಲ್‌ನ ಮೊದಲ ಹೀಟಿನಲ್ಲೇ ಗುಂಡರ್‌ಸೆನ್ ಬಿದ್ದು, ಪ್ರಾಣಾಪಾಯದಿಂದ ಪಾರಾಗಿ, ನಡೆಯುವುದನ್ನು ಮತ್ತೆ ಕಲಿತರೂ ಬೈಕ್ ಓಟಕ್ಕೆ ಎಂದೂ ಮರಳಲಾಗದೆ ಹೋದ. ಅದರ ಮುಂದಿನ ವಾರಗಳ ಒಂದು ಪ್ರತಿಯಾದರೂ ಇದ್ದಿದ್ದರೆ, ಆ ಏಳಕ್ಕೆ ಅಡ್ಡಗೆರೆ ಹಾಕುವ ಮನುಷ್ಯ ಅಂಚಿನಲ್ಲಿ ಏನು ಬರೆದಿದ್ದ ಎಂದು ನೋಡಬಹುದಿತ್ತು.

ಉಳಿದ ಮೂರು ಪ್ರತಿಗಳೂ 1995ರವು, ಮೂರೂ ಶುಭ್ರ. ಕ್ರೀಡಾಂಗಣದ ಜಾಗ ಮನೆಗಳಿಗಾಗಿ ಮಾರಾಟವಾಗಿ, ಆ ವರ್ಷದ ಕೊನೆಗೆ ಡಡ್ಲಿ ವುಡ್‌ನಲ್ಲಿ ಓಟ ಮುಗಿಯಿತು. 1996ರಲ್ಲಿ ತಂಡ ಸ್ಟೋಕ್‌ಗೆ ಹೋಗಿ ಓಡಿ, ಅದೇ ವರ್ಷ ಅದರ ಬಿಲ್ಲಿ ಹ್ಯಾಮಿಲ್ ವಿಶ್ವ ಚಾಂಪಿಯನ್ ಆಗಿ, ಬಳಿಕ ತಂಡವೇ ಇಲ್ಲವಾಯಿತು. (2010ರಲ್ಲಿ ಕೆಳ ಲೀಗಿನಲ್ಲಿ ಹೀತನ್ಸ್ ಮತ್ತೆ ಕಾಣಿಸಿಕೊಂಡಿತಾದರೂ ಬೇರೆಯವರ ಅಂಗಳಗಳಲ್ಲಿ.) ಡಡ್ಲಿ ವುಡ್‌ನ ಆ ಕೊನೆಯ ವರ್ಷದ ಈ ಹೊಳೆಯುವ ಪುಸ್ತಿಕೆಗಳಲ್ಲಿ ಜಾಹೀರಾತುಗಳು, ವ್ಯವಸ್ಥಾಪಕರ ಅಂಕಣ, ಬಣ್ಣದ ಚಿತ್ರಗಳೆಲ್ಲ ಇವೆ, ಪಂದ್ಯ ಮಾತ್ರ ಇಲ್ಲ.

ಪ್ಯಾಕಿಂಗ್ ಸಾಧಾರಣ. ಗಟ್ಟಿ ರಟ್ಟು ಇಡದೆ ಬರೀ ಲಕೋಟೆಯಲ್ಲಿ ಕಳಿಸಿದ್ದರಿಂದ ನಾಲ್ಕು ಪ್ರತಿಗಳ ಮೂಲೆ ಮಡಚಿವೆ. ದೂರಿಗೆ ಮಾರಾಟಗಾರರು ಎರಡು ದಿನಗಳಲ್ಲಿ ಉತ್ತರಿಸಿ 3 ಪೌಂಡ್ ಮರಳಿಸಿದರು. ಕೊಳ್ಳುವವರು ಮುಖಪುಟದ ಚಿತ್ರಕ್ಕೆ ಮರುಳಾಗದೆ ನಡುಪುಟದ ಅಂಕಪಟ್ಟಿಯ ಫೋಟೊ ತರಿಸಿಕೊಳ್ಳಲಿ, ವರ್ಷಗಳ ಪಟ್ಟಿಯನ್ನು ಬರಹದಲ್ಲಿ ಕೇಳಲಿ, ಸಾಧ್ಯವಾದರೆ ಒಬ್ಬನೇ ಪ್ರೇಕ್ಷಕನ ಸಂಗ್ರಹದಿಂದ ಬಂದ ಕಟ್ಟನ್ನೇ ಆರಿಸಲಿ. ನಾನಂತೂ 1995ರ ಮೂರನ್ನೂ ಮರುಮಾರಾಟಕ್ಕೆ ಹಾಕಿದ್ದೇನೆ. ಬರುವ ಹಣದಲ್ಲಿ ಬರೆದು ಕೊಳೆಯಾದ ಆರು ಪ್ರತಿಗಳಾದರೂ ಸಿಗುತ್ತವೆ.