0/0 ಬಂದರೆ ಯಾವ ದಾರಿ? ಫ್ಯಾಕ್ಟರ್, ಲೋಪಿಟಾಲ್, ಕ್ಯಾಲ್ಕುಲೇಟರ್

ಫಸ್ಟ್ ಪಿಯುಸಿಯ ಲಿಮಿಟ್ಸ್ ಪಾಠ (ಎಕ್ಸ್ ಒಂದು ಸಂಖ್ಯೆಯ ಹತ್ತಿರ ಹೋದಾಗ ಉಕ್ತಿಯ ಬೆಲೆ ಯಾವುದರ ಹತ್ತಿರ ಹೋಗುತ್ತದೆ ಅನ್ನುವ ಲೆಕ್ಕ) ಶುರುವಾದರೆ ಹುಡುಗರ ಪ್ರಶ್ನೆ ಒಂದೇ: "ಲೋಪಿಟಾಲ್ ರೂಲ್ ಇದೆಯಲ್ಲ ಸರ್, ಈ ಫ್ಯಾಕ್ಟರ್ ಮಾಡೋ ರಗಳೆ ಯಾಕೆ?" ಸರಿ, ಎರಡನ್ನೂ ಎದುರುಬದುರು ಇಟ್ಟೇ ನೋಡೋಣ ಅಂದುಕೊಂಡೆ. ಜೊತೆಗೆ ಕ್ಯಾಲ್ಕುಲೇಟರನ್ನೂ ಸೇರಿಸಿಕೊಂಡೆ.

ಮೂರಕ್ಕೂ ಮುಂಚೆ ಸುಮ್ನೆ ಬೆಲೆ ಹಾಕಿ ನೋಡಬೇಕು. ಬಹುಪದೋಕ್ತಿಗಳಲ್ಲಿ ಛೇದ ಸೊನ್ನೆ ಆಗದಿದ್ದರೆ ಭಾಗಾಕಾರದ ನಿಯಮವೇ ಸಾಕು, ಲೆಕ್ಕ ಅಲ್ಲಿಗೇ ಮುಗಿಯಿತು. 0/0 ಬಂದರೆ ಮಾತ್ರ ಮುಂದಿನ ಮಾತು.

ಮೊದಲ ಲೆಕ್ಕ: ಎಕ್ಸ್ 2ರ ಹತ್ತಿರ ಹೋದಾಗ (ಎಕ್ಸ್³ − 8)/(ಎಕ್ಸ್² − 4). ಫ್ಯಾಕ್ಟರ್ ಮಾಡಿದರೆ ಮೇಲೂ ಕೆಳಗೂ (ಎಕ್ಸ್ − 2) ಸಿಗುತ್ತದೆ. ಹೊಡೆದು ಹಾಕಿದ ಮೇಲೆ ಉಳಿಯುವುದು (ಎಕ್ಸ್² + 2ಎಕ್ಸ್ + 4)/(ಎಕ್ಸ್ + 2). 2 ಹಾಕಿ: 12/4, ಅಂದರೆ 3. ಸೊನ್ನೆ ಎಲ್ಲಿಂದ ಬಂತು, ಹೇಗೆ ಹೋಯಿತು ಅನ್ನುವುದು ಕಣ್ಣಿಗೇ ಕಾಣುತ್ತದೆ. ನನಗೆ ಇದು ಇಷ್ಟವಾಗುವುದು ಅದಕ್ಕೇ.

ಲೋಪಿಟಾಲ್‌ನಲ್ಲಿ ಮೇಲಿನದನ್ನೂ ಕೆಳಗಿನದನ್ನೂ ಬೇರೆಬೇರೆಯಾಗಿ ಡಿಫರೆನ್ಶಿಯೇಟ್ ಮಾಡಿದರೆ (ಬದಲಾಗುವ ದರ, ಅಂದರೆ ಡೆರಿವೇಟಿವ್, ಕಂಡುಹಿಡಿದರೆ) 3ಎಕ್ಸ್²/2ಎಕ್ಸ್. ಮತ್ತೆ 3. ಒಂದೇ ಸಾಲು! 60 ಪ್ರಶ್ನೆಗೆ 80 ನಿಮಿಷ ಕೊಡುವ ಸಿಇಟಿಯಲ್ಲಿ ಇದಕ್ಕೆ ಸಾಟಿಯಿಲ್ಲ. (ರೂಲನ್ನು 1696ರಲ್ಲಿ ಅಚ್ಚು ಹಾಕಿಸಿದ್ದು ಲೋಪಿಟಾಲ್, ಕಂಡುಹಿಡಿದದ್ದು ಅವನಿಂದ ಹಣ ಪಡೆದು ಗಣಿತ ಹೇಳಿಕೊಡುತ್ತಿದ್ದ ಯೊಹಾನ್ ಬರ್ನೂಲಿ. ಹೆಸರು ಮಾತ್ರ ದುಡ್ಡು ಕೊಟ್ಟವನದ್ದು.)

ಆದರೆ ಅಭ್ಯಾಸವಾದರೆ ಇದು ಕೈ ಕೊಡುತ್ತದೆ. ಎಕ್ಸ್ 1ರ ಹತ್ತಿರ ಹೋದಾಗ (ಎಕ್ಸ್² + 1)/(ಎಕ್ಸ್ + 1) ತಗೊಳ್ಳಿ. ಇಲ್ಲಿ 0/0 ಇಲ್ಲವೇ ಇಲ್ಲ, ಉತ್ತರ 1. ನೋಡದೆ ಲೋಪಿಟಾಲ್ ಹಾಕಿದವರಿಗೆ 2 ಬರುತ್ತದೆ. ಆಯ್ಕೆಗಳಲ್ಲಿ 2 ಇದ್ದೇ ಇರುತ್ತದೆ, ಪ್ರಶ್ನೆ ಬರೆಯುವವರೇನು ದಡ್ಡರಾ? ಎಕ್ಸ್ ಸೊನ್ನೆಯ ಹತ್ತಿರ ಹೋದಾಗ ಸೈನ್ ಎಕ್ಸ್/ಎಕ್ಸ್‌ಗೂ ಲೋಪಿಟಾಲ್ ಹಾಕಿ 1 ಅಂತ ತೋರಿಸುತ್ತಾರೆ. ಸೈನ್‌ನ ಡೆರಿವೇಟಿವ್ ಕಂಡುಹಿಡಿಯಲು ಅದೇ ಲಿಮಿಟ್ ಬೇಕಲ್ವಾ? ಉತ್ತರ ಸರಿ, ಆದರೆ ಅದು ಪ್ರೂಫ್ ಅಲ್ಲ.

ಕ್ಯಾಲ್ಕುಲೇಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ಲೆಕ್ಕಕ್ಕೆ 2.001 ಹಾಕಿದರೆ ಸುಮಾರು 3.00075 ಬರುತ್ತದೆ, ತಾಳೆ ನೋಡಲು ಚೆನ್ನ. ಆದರೆ ಎಕ್ಸ್ ಸೊನ್ನೆಯ ಹತ್ತಿರ ಹೋದಾಗ (√(1 + ಎಕ್ಸ್) − 1)/ಎಕ್ಸ್ ಇದೆಯಲ್ಲ, ಅದಕ್ಕೆ ಎಕ್ಸ್ = 10⁻²⁰ ಕೊಟ್ಟು ನೋಡಿ. ಅಷ್ಟು ಸಣ್ಣ ಸಂಖ್ಯೆ 1ರೊಳಗೆ ಕರಗಿಹೋಗಿ ಉತ್ತರ 0 ಅನ್ನುತ್ತದೆ. ಕಾಂಜುಗೇಟ್‌ನಿಂದ (ನಡುವಿನ ಚಿಹ್ನೆ ಬದಲಿಸಿದ √(1 + ಎಕ್ಸ್) + 1ರಿಂದ) ಮೇಲೂ ಕೆಳಗೂ ಗುಣಿಸಿದರೆ ಸಿಗುವುದು 1/(√(1 + ಎಕ್ಸ್) + 1), ಅಂದರೆ ಅರ್ಧ.

ಹಾಗಾಗಿ ನನ್ನ ಓಟು ಫ್ಯಾಕ್ಟರ್ ಮಾಡುವುದಕ್ಕೇ. ಪಠ್ಯದಲ್ಲೂ ಬೋರ್ಡ್ ಪರೀಕ್ಷೆಯ ಹಂತಗಳಲ್ಲೂ ಬೇಕಾದ್ದು ಅದೇ. ಲೋಪಿಟಾಲ್ ಸಿಇಟಿಗೆ ಇರಲಿ. ಒಂದು ಎಚ್ಚರ ಮಾತ್ರ ಫ್ಯಾಕ್ಟರ್ ಮಾಡುವುದಕ್ಕೂ ಬೇಕು. ಎಕ್ಸ್ 1ರ ಹತ್ತಿರ ಹೋಗುವಾಗ 1/(ಎಕ್ಸ್ − 1) − 2/(ಎಕ್ಸ್² − 1) ಕೊಟ್ಟರೆ ಹುಡುಗರು ವ್ಯತ್ಯಾಸದ ನಿಯಮ ಅಂತ ಎರಡಾಗಿ ಒಡೆಯುತ್ತಾರೆ. ಒಂದೊಂದಕ್ಕೂ ಲಿಮಿಟ್ ಇದ್ದರೆ ಮಾತ್ರ ಆ ನಿಯಮ ನಡೆಯುತ್ತದೆ, ಇಲ್ಲಿ ಎರಡಕ್ಕೂ ಇಲ್ಲ. ಮೊದಲು ಒಂದೇ ಛೇದಕ್ಕೆ ತನ್ನಿ: (ಎಕ್ಸ್ − 1)/(ಎಕ್ಸ್² − 1). ಹೊಡೆದು ಹಾಕಿದರೆ 1/(ಎಕ್ಸ್ + 1), ಉತ್ತರ 1/2.