ಹಳೆಯ ಸ್ವಿಫ್ಟ್‌ಗೆ ಝೆನಾನ್ ಹೆಡ್‌ಲೈಟ್: ನಾನಾ ಪೇಠೆಯ ಒಂದು ಅಂಗಡಿಯ ಕೆಲಸ

ಪುಣೆಯ ನಾನಾ ಪೇಠೆಯಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಗಳ ಸಾಲಿಗೆ ಹೋಗಿ ಝೆನಾನ್ ಲೈಟ್ ಬೇಕೆಂದು ಕೇಳಿದರೆ, ಹೆಚ್ಚಿನ ಕಡೆ ಮುಂದಿಡುವುದು ಎರಡು ಬಲ್ಬು, ಅವಕ್ಕೆ ತಕ್ಕ ಕರೆಂಟು ಕೊಡುವ ಎರಡು ಬ್ಯಾಲಸ್ಟ್ ಮತ್ತು ಒಂದಿಷ್ಟು ವೈರು ಇರುವ ಡಬ್ಬಿಯನ್ನು. ಹಳೆಯ ಬಲ್ಬು ತೆಗೆದು ಇದನ್ನು ಸಿಕ್ಕಿಸಿದರೆ ಆಯಿತು, ಅರ್ಧ ಗಂಟೆಯ ಕೆಲಸ ಎನ್ನುತ್ತಾರೆ. ನಾನು ಬರೆಯುತ್ತಿರುವುದು ಹಾಗೆ ಮಾಡಿಕೊಡಲು ಒಪ್ಪದ ಒಂದು ಅಂಗಡಿಯ ಬಗ್ಗೆ. ಮಳೆಗಾಲವೂ ಕಬ್ಬಿನ ಹಂಗಾಮೂ ಕಳೆದ ಮೇಲೆ ಈ ಮಾತು ಬರೆಯುತ್ತಿದ್ದೇನೆ. ಅವರ ಕೆಲಸದಲ್ಲಿ ಮೆಚ್ಚಬೇಕಾದದ್ದು ಬಹಳವಿದೆ, ದೂರಬೇಕಾದದ್ದೂ ಇದೆ. ಅಂಗಡಿಯ ಹೆಸರು ಹಾಕಿಲ್ಲ. ಕೆಲಸದ ಕ್ರಮ ಗೊತ್ತಿದ್ದರೆ ಯಾವ ಅಂಗಡಿಯಲ್ಲಾದರೂ ನಿಂತು ಸರಿಯಾಗಿ ಮಾಡಿಸಿಕೊಳ್ಳಬಹುದು.

ಆ ಅಂಗಡಿಯ ಮುಖ್ಯ ಫಿಟ್ಟರ್ ವಿಜಯಪುರದ ಕಡೆಯವರು. ನಾನು ಕನ್ನಡದವನೆಂದು ತಿಳಿದ ಮೇಲೆ ಹಿಂದಿ ಬಿಟ್ಟು, “ಸರ್, ಬರೇ ಬಲ್ಬ್ ಹಾಕಿದ್ರ ನಿಮಗ ಬೆಳಕು ಕಾಣಸ್ತದ್ರಿ, ಎದುರಿನವ್ರಿಗೆ ರೋಡ್ ಕಾಣಸೂದಿಲ್ರಿ. ಹಾಕಿದ್ರ ಪ್ರೊಜೆಕ್ಟರ್ ಹಾಕ್ರಿ, ಇಲ್ಲಂದ್ರ ಇದ್ದ ಹ್ಯಾಲೊಜನ್ನೇ ಛಲೋ” ಎಂದರು. ಪ್ರೊಜೆಕ್ಟರ್ ಎಂದರೆ ಬಲ್ಬಿನ ಬೆಳಕನ್ನು ಲೆನ್ಸಿನ ಮೂಲಕ ರಸ್ತೆಗೆ ಬಿಡುವ ದೀಪದ ಘಟಕ. ಅವರು ಒಂದು ಸಾಲಿನಲ್ಲಿ ಹೇಳಿದ್ದಕ್ಕೆ ಕಾರಣ ಬಲ್ಬಿನ ಒಳಗೇ ಇದೆ. ನಮ್ಮ ಸ್ವಿಫ್ಟ್‌ನಲ್ಲಿರುವುದು ಎಚ್4 ಎಂಬ ಮಾದರಿಯ ಹ್ಯಾಲೊಜನ್ ಬಲ್ಬು. ಅದರಲ್ಲಿ ಲೋ ಬೀಮ್‌ಗೆ 55 ವ್ಯಾಟ್‌ನದು, ಹೈ ಬೀಮ್‌ಗೆ 60 ವ್ಯಾಟ್‌ನದು ಹೀಗೆ ಎರಡು ತಂತುಗಳಿರುತ್ತವೆ. ಲೋ ಬೀಮ್ ತಂತುವಿನ ಕೆಳಗೆ ಸಣ್ಣ ಲೋಹದ ಬಟ್ಟಲೊಂದಿದ್ದು, ಬಲ್ಬಿನ ಸುತ್ತ ಕನ್ನಡಿಯಂತೆ ಹೊಳೆಯುವ ರಿಫ್ಲೆಕ್ಟರಿನ ಕೆಳ ಅರ್ಧಕ್ಕೆ ಬೆಳಕು ಹೋಗದಂತೆ ತಡೆಯುತ್ತದೆ. ಅಲ್ಲಿ ಬಿದ್ದ ಬೆಳಕು ಮೇಲಕ್ಕೆ ಚಿಮ್ಮಿ ಎದುರಿನವರ ಕಣ್ಣಿಗೆ ಹೋಗುತ್ತದೆಂಬುದೇ ಈ ತಡೆಗೆ ಕಾರಣ. ರಿಫ್ಲೆಕ್ಟರಿನ ಒಂದೊಂದು ಮಡಿಕೆಯನ್ನೂ ಆ ತಂತು ಇರುವ ಜಾಗ, ಅದರ ಉದ್ದ ಮತ್ತು ದಪ್ಪವನ್ನು ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಝೆನಾನ್ ಬಲ್ಬಿನಲ್ಲಿ ತಂತುವೇ ಇರುವುದಿಲ್ಲ. ಸಣ್ಣ ಗಾಜಿನ ಕೋಶದೊಳಗೆ ಎರಡು ವಿದ್ಯುದಗ್ರಗಳ ನಡುವೆ ಮೇಲಕ್ಕೆ ಬಾಗಿದ ಕಿಡಿಯೊಂದು ಉರಿಯುತ್ತಿರುತ್ತದೆ. ಅದನ್ನು ತಂದು ಆ ರಿಫ್ಲೆಕ್ಟರಿನಲ್ಲಿ ಕೂರಿಸಿದರೆ ಲೆಕ್ಕವೆಲ್ಲ ತಪ್ಪಿ, ಬೆಳಕು ಮರದ ಟೊಂಗೆಗೂ ಎದುರಿನ ಲಾರಿಯ ಕ್ಯಾಬಿನ್ನಿಗೂ ಹಂಚಿಹೋಗುತ್ತದೆ. ರಾತ್ರಿ ಹೆದ್ದಾರಿಯಲ್ಲಿ ನಾವೆಲ್ಲ ಬೈದುಕೊಳ್ಳುವ ಆ ನೀಲಿ ಬಿಳುಪಿನ ದೀಪಗಳಲ್ಲಿ ಹೆಚ್ಚಿನವು ಹೀಗೆ ಕೂರಿಸಿದವೇ. ಎಚ್4 ಜಾಗಕ್ಕೆ ಈಗ ಮಾರುತ್ತಿರುವ ಎಲ್‌ಇಡಿ ಬಲ್ಬುಗಳಲ್ಲಿ ಬಹುಪಾಲಿಗೂ ಇದೇ ಮಾತು ಅನ್ವಯಿಸುತ್ತದೆ.

ಝೆನಾನ್ ದೀಪದ ಸಾಮರ್ಥ್ಯದ ಬಗ್ಗೆ ನನಗೆ ಅನುಮಾನವಿರಲಿಲ್ಲ. 1991ರಲ್ಲಿ ಬಿಎಂಡಬ್ಲ್ಯು 7 ಸರಣಿಯ ಕಾರುಗಳಲ್ಲಿ ಮೊದಲು ಬಂದ ಈ ದೀಪ 35 ವ್ಯಾಟ್ ವಿದ್ಯುತ್ತಿನಲ್ಲಿ ಸುಮಾರು 3200 ಲುಮೆನ್ ಬೆಳಕು ಕೊಡುತ್ತದೆ. ಎಚ್4 ಬಲ್ಬಿನ ಲೋ ಬೀಮ್ ಕೊಡುವುದು ಸುಮಾರು 1000 ಲುಮೆನ್. ಮೂರು ಪಟ್ಟು ಬೆಳಕನ್ನು ಎಲ್ಲಿ ಚೆಲ್ಲುತ್ತೇವೆ ಎನ್ನುವುದು ಆದ್ದರಿಂದಲೇ ಮುಖ್ಯ. ಯುರೋಪಿನಲ್ಲಿ 2000 ಲುಮೆನ್‌ಗಿಂತ ಹೆಚ್ಚಿನ ದೀಪವಿರುವ ಕಾರಿಗೆ, ಭಾರಕ್ಕೆ ತಕ್ಕಂತೆ ಬೀಮನ್ನು ತಾನಾಗಿ ಏರಿಳಿಸುವ ವ್ಯವಸ್ಥೆ ಮತ್ತು ಗಾಜು ತೊಳೆಯುವ ವ್ಯವಸ್ಥೆ ಎರಡನ್ನೂ ಕಡ್ಡಾಯ ಮಾಡಿದ್ದು ಇದಕ್ಕಾಗಿಯೇ.

ಕೆಲಸ ನಡೆಯುವಾಗ ನಾನು ಅಲ್ಲೇ ಇದ್ದೆ, ಅವರು ನೋಡಲು ಬಿಟ್ಟರು. ಇದನ್ನು ಆ ಅಂಗಡಿಯ ದೊಡ್ಡ ಗುಣವೆಂದೇ ಎಣಿಸುತ್ತೇನೆ. ಬಂಪರ್ ಬಿಚ್ಚಿ ಹೆಡ್‌ಲೈಟ್‌ಗಳನ್ನು ಹೊರಗೆ ತೆಗೆದು, ಒಂದೊಂದಾಗಿ ಓವನ್‌ನಲ್ಲಿಟ್ಟು ಸುಮಾರು 100 ಡಿಗ್ರಿಗೆ ಬಿಸಿ ಮಾಡಿದರು. ಗಾಜನ್ನೂ ಹಿಂದಿನ ಕವಚವನ್ನೂ ಹಿಡಿದಿಟ್ಟಿರುವ ಬ್ಯುಟೈಲ್ ಅಂಟು ಆ ಬಿಸಿಗೆ ಮೆತ್ತಗಾಗುತ್ತದೆ; ಆಗ ಅಗಲವಾದ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ ಒಂದು ಮೂಲೆಯಿಂದ ಮೆಲ್ಲಗೆ ಎಬ್ಬಿಸುತ್ತ ಬಂದರು. ನಾವು ಗಾಜು ಎನ್ನುವುದು ಈಗಿನ ಕಾರುಗಳಲ್ಲಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಆದ್ದರಿಂದ ಅವಸರ ಮಾಡಿದರೆ ಅಂಚು ಸೀಳುತ್ತದೆ. ಪ್ರೊಜೆಕ್ಟರನ್ನು ಹಳೆಯ ರಿಫ್ಲೆಕ್ಟರಿನ ಬಲ್ಬಿನ ರಂಧ್ರದ ಮೂಲಕವೇ ತೂರಿಸಿ ಹಿಂದಿನಿಂದ ನಟ್ಟು ಬಿಗಿದರು. ಹೀಗೆ ಮಾಡುವುದರಿಂದ ರಿಫ್ಲೆಕ್ಟರಿಗೆ ಅಂಟಿಕೊಂಡಿರುವ ಲೆವೆಲಿಂಗ್ ಮೋಟರ್ ಹಾಗೆಯೇ ಉಳಿಯುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿ ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದಲ್ಲ, ಆಗ ಡ್ಯಾಶ್‌ಬೋರ್ಡಿನ ತಿರುಗಣಿಯಿಂದ ಬೀಮನ್ನು ಕೆಳಗಿಳಿಸುವ ಅನುಕೂಲ ಹೋಗಬಾರದು. ಕೆಲಸ ಕೊಡುವ ಮುನ್ನ ಈ ಒಂದು ಪ್ರಶ್ನೆಯನ್ನು ಎಲ್ಲರೂ ಕೇಳಲೇಬೇಕು.

ಪ್ರೊಜೆಕ್ಟರಿನೊಳಗೆ ಲೆನ್ಸಿನ ಹಿಂದೆ ಒಂದು ಲೋಹದ ತಡೆ ಇರುತ್ತದೆ. ಅದರ ಅಂಚೇ ಗೋಡೆಯ ಮೇಲೆ ಬೆಳಕಿನ ಗಡಿಯಾಗಿ ಬೀಳುತ್ತದೆ. ಹೈ ಬೀಮ್ ಹಾಕಿದಾಗ ಸೊಲೆನಾಯ್ಡ್ ಎಂಬ ಸಣ್ಣ ವಿದ್ಯುತ್ಕಾಂತ ಆ ತಡೆಯನ್ನು ಕೆಳಗೆಳೆಯುವುದರಿಂದ ಒಂದೇ ಬಲ್ಬು ಎರಡೂ ಕೆಲಸ ಮಾಡುತ್ತದೆ. ಇದಕ್ಕೆ ಬೈ-ಝೆನಾನ್ ಎನ್ನುತ್ತಾರೆ. ಆ ಗಡಿರೇಖೆಯಲ್ಲಿ ಒಂದು ಬದಿಗೆ ಮೇಲೇರುವ ಮೆಟ್ಟಿಲು ಇರುತ್ತದೆ. ನಾವು ಎಡಕ್ಕೆ ಓಡಿಸುವವರಾದ್ದರಿಂದ ಅದು ಎಡಕ್ಕೆ ಏರಬೇಕು, ರಸ್ತೆಯ ಅಂಚಿನಲ್ಲಿ ನಡೆಯುವವರೂ ಫಲಕಗಳೂ ಕಾಣಬೇಕು. ಬಲಕ್ಕೆ ಓಡಿಸುವ ದೇಶಗಳಿಗೆಂದು ಮಾಡಿದ ಪ್ರೊಜೆಕ್ಟರನ್ನು ಇಲ್ಲಿ ಹಾಕಿದರೆ ಮೆಟ್ಟಿಲು ಬಲಕ್ಕೆ ಏರಿ ನೇರವಾಗಿ ಎದುರಿನ ಚಾಲಕನ ಕಣ್ಣಿಗೆ ಹೊಡೆಯುತ್ತದೆ. ಮಾರುವವರು ಇದನ್ನು ಹೇಳುವುದೇ ಇಲ್ಲ. ನನ್ನ ಫಿಟ್ಟರ್ ಮಾತ್ರ ಕೂರಿಸುವ ಮೊದಲೇ ಬ್ಯಾಟರಿಗೆ ಜೋಡಿಸಿ, ಅಂಗಡಿಯ ಷಟರಿನ ಮೇಲೆ ಬೆಳಕು ಬಿಟ್ಟು ತೋರಿಸಿದರು. ಆ ಹೊತ್ತಿಗೇ ನನಗೆ ಅವರ ಮೇಲೆ ಪೂರ್ಣ ವಿಶ್ವಾಸ ಬಂತು.

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಅಂಕಿ ಏರಿದಷ್ಟೂ ಬೆಳಕು ನೀಲಿಗೆ ತಿರುಗುತ್ತದೆ. ಈ ವಿಷಯಕ್ಕೆ ಎಲ್ಲ ಅಂಗಡಿಗಳಲ್ಲೂ 6000 ಅಥವಾ 8000 ಕೆಲ್ವಿನ್ ಬಲ್ಬುಗಳನ್ನೇ ಹೊಗಳುತ್ತಾರೆ, ಏಕೆಂದರೆ ನೀಲಿ ಛಾಯೆ ದುಬಾರಿ ಕಾರಿನ ನೋಟ ಕೊಡುತ್ತದೆ. ಕಂಪನಿಯಿಂದಲೇ ಝೆನಾನ್ ಬಂದ ಕಾರುಗಳಲ್ಲಿ ಇರುವುದು ಸುಮಾರು 4300 ಕೆಲ್ವಿನ್. ಬಣ್ಣ ನೀಲಿಗೆ ತಿರುಗಿದಷ್ಟೂ ಕಣ್ಣಿಗೆ ಉಪಯೋಗವಾಗುವ ಬೆಳಕು ಕಡಿಮೆಯಾಗುತ್ತದೆ, ಮಳೆಯಲ್ಲಿ ಕಪ್ಪು ಡಾಂಬರು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. 4300ರ ಡಿ2ಎಸ್ ಮಾದರಿಯ ಝೆನಾನ್ ಬಲ್ಬನ್ನೇ ಹಾಕಿಸಿದೆ. ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ. 55 ವ್ಯಾಟ್‌ನ ಬ್ಯಾಲಸ್ಟ್ ಕೂಡ ಸಿಗುತ್ತದೆ. ಅದನ್ನು ಮುಟ್ಟಬೇಡಿ, 35 ವ್ಯಾಟ್‌ಗೆಂದು ಮಾಡಿದ ಪ್ರೊಜೆಕ್ಟರಿನ ಬಟ್ಟಲು ಆ ಬಿಸಿಗೆ ಕ್ರಮೇಣ ಸುಟ್ಟು ಮಂಕಾಗುತ್ತದೆ.

ವೈರಿಂಗ್ ಕೆಲಸ ಅಚ್ಚುಕಟ್ಟಾಗಿತ್ತು. ಕಾರಿನ ಮೂಲ ವೈರಿನಿಂದ ರಿಲೇಗೆ (ಸಂಕೇತ ಸಿಕ್ಕಾಗ ಕರೆಂಟು ಹಾಯಿಸುವ ಸ್ವಿಚ್ಚು) ಸಂಕೇತ ಮಾತ್ರ ತೆಗೆದುಕೊಂಡು, ಬ್ಯಾಲಸ್ಟ್‌ಗಳಿಗೆ ಬೇಕಾದ ಕರೆಂಟನ್ನು ಫ್ಯೂಸ್ ಸಹಿತ ನೇರವಾಗಿ ಬ್ಯಾಟರಿಯಿಂದ ಎಳೆದರು. ಹೊತ್ತಿಕೊಳ್ಳುವ ಕ್ಷಣದಲ್ಲಿ ಈ ದೀಪ ಸಾಮಾನ್ಯಕ್ಕಿಂತ ಬಹಳ ಹೆಚ್ಚು ಕರೆಂಟು ಎಳೆಯುವುದರಿಂದ ಹಳೆಯ ಸ್ವಿಚ್ಚಿನ ಮೇಲೆ ಆ ಭಾರ ಹಾಕಬಾರದು. ಕಿಡಿ ಹಚ್ಚಲು ಇಗ್ನೈಟರ್ 20,000 ವೋಲ್ಟಿಗೂ ಮೇಲೆ ಹೋಗುತ್ತದೆ; ದೀಪ ಉರಿಯುವಾಗ ಅದರ ಹಿಂಬದಿಗೆ ಕೈ ಹಾಕಬಾರದೆಂದು ಅವರು ಗಟ್ಟಿಯಾಗಿ ಎಚ್ಚರಿಸಿದರು. ಬ್ಯಾಲಸ್ಟನ್ನು ಮಾತ್ರ ಡಬಲ್ ಟೇಪಿನಿಂದ ಅಂಟಿಸಲು ಹೊರಟಿದ್ದರು. ನಾನು ಪಟ್ಟು ಹಿಡಿದ ಮೇಲೆ ತಗಡಿನ ಕ್ಲ್ಯಾಂಪ್ ಮಾಡಿ ಸ್ಕ್ರೂ ಬಿಗಿದುಕೊಟ್ಟರು. ಖಂಬಾಟ್ಕಿ ಘಾಟಿನ ಕುಲುಕಾಟಕ್ಕೆ ಟೇಪು ಎಷ್ಟು ಕಾಲ ತಡೆದೀತು?

ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದದ್ದು ಬೀಮ್ ಸೆಟ್ಟಿಂಗ್, ಮತ್ತು ಬಹುತೇಕ ಅಂಗಡಿಗಳು ಕೈಬಿಡುವುದೂ ಅದನ್ನೇ. ಇವರು ಕತ್ತಲಾಗುವ ತನಕ ಕಾಯಿಸಿ, ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರಕ್ಕೆ ಕಾರು ನಿಲ್ಲಿಸಿದರು. ಟೈರಿನ ಗಾಳಿ ನೋಡಿದರು, ನನ್ನನ್ನು ಚಾಲಕನ ಸೀಟಿನಲ್ಲಿ ಕೂರಿಸಿದರು. ದೀಪದ ನಡುಬಿಂದು ನೆಲದಿಂದ 70 ಸೆಂ.ಮೀ. ಎತ್ತರದಲ್ಲಿತ್ತು, ಗೋಡೆಯ ಮೇಲೆ 60 ಸೆಂ.ಮೀ.ಗೆ ಟೇಪು ಅಂಟಿಸಿದರು. ಅಂದರೆ ಪ್ರತಿ 10 ಮೀಟರಿಗೆ 10 ಸೆಂ.ಮೀ. ಇಳಿಜಾರು, ಬೆಳಕಿನ ಗಡಿ 70 ಮೀಟರ್ ದೂರದಲ್ಲಿ ರಸ್ತೆಯನ್ನು ಮುಟ್ಟುತ್ತದೆ. ಒಂದು ದೀಪಕ್ಕೆ ಗೋಣಿ ಹೊದಿಸಿ ಇನ್ನೊಂದನ್ನು ಹೊಂದಿಸುತ್ತ, ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸಿದರು. ಕೊನೆಗೆ ಗೋಡೆಯ ಮೇಲೆ ಬಿದ್ದ ಗೆರೆ ಬಡಗಿ ದಾರ ಎಳೆದು ಹೊಡೆದ ಗೆರೆಯಂತೆ ನೇರವಾಗಿತ್ತು. ಅದರ ಮೇಲೆ ಕತ್ತಲೆ, ಕೆಳಗೆ ಹಾಲಿನಂಥ ಬೆಳಕು.

ರಸ್ತೆಯ ಮೇಲೆ ಇದರ ಪ್ರಯೋಜನ ಎಲ್ಲಕ್ಕಿಂತ ಹೆಚ್ಚು ಗೊತ್ತಾದದ್ದು ಕರಾಡದಿಂದ ಕೊಲ್ಹಾಪುರದ ತನಕ. ಪುಣೆಯಿಂದ ಬೆಳಗಾವಿ, ಧಾರವಾಡದ ಕಡೆಗೆ ರಾತ್ರಿ ಹೊರಡುವ ಕನ್ನಡಿಗರಿಗೆಲ್ಲ ಆ ಹಾದಿಯ ಭಯ ಗೊತ್ತಿರುತ್ತದೆ: ಕಬ್ಬು ನುರಿಸುವ ತಿಂಗಳುಗಳಲ್ಲಿ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು ಹಿಂದೆ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದೆ ಹೆದ್ದಾರಿಯಲ್ಲಿ ಸಾಗುತ್ತಿರುತ್ತವೆ, ಹೊರಗೆ ಚಾಚಿದ ಕಬ್ಬಿನ ತುದಿಗಳು ಹತ್ತಿರ ಬರುವ ತನಕ ಕಾಣುವುದಿಲ್ಲ. ಹ್ಯಾಲೊಜನ್‌ನ ಹಳದಿ ಬೆಳಕಿನಲ್ಲಿ ಮಣ್ಣಿನ ಬಣ್ಣಕ್ಕೆ ಬೆರೆತುಹೋಗುತ್ತಿದ್ದ ಆ ಟ್ರಾಲಿಗಳು ಈಗ ಲೋ ಬೀಮ್‌ನಲ್ಲೇ ಬ್ರೇಕ್ ಹಾಕಲು ಸಾಕಾಗುವಷ್ಟು ಮುಂಚಿತವಾಗಿ ಕಾಣುತ್ತವೆ. ಬೆಳಕು ಅಗಲಕ್ಕೂ ಹರಡುವುದರಿಂದ ಎಡ ಅಂಚಿನಲ್ಲಿ ಎತ್ತಿನ ಗಾಡಿ, ಬಲಕ್ಕೆ ವಿಭಜಕದ ನಡುವಿನಿಂದ ದಾಟಲು ನಿಂತವರು ಇಬ್ಬರೂ ಒಟ್ಟಿಗೆ ಕಾಣುತ್ತಾರೆ. ಎದುರಿನಿಂದ ಯಾರೂ ಸಿಟ್ಟಿನಿಂದ ಡಿಪ್ಪರ್ ಹೊಡೆದದ್ದಿಲ್ಲ, ಮತ್ತು ನನಗೆ ಅತ್ಯಂತ ಸಮಾಧಾನ ಕೊಟ್ಟ ಸಂಗತಿ ಇದೇ.

ಕೊರತೆಗಳೂ ಇವೆ. ಗಡಿರೇಖೆ ಅಷ್ಟು ಚೂಪಾಗಿರುವುದರಿಂದ ಏರಿಳಿತವಿರುವ ಘಾಟಿನಲ್ಲಿ ಗೆರೆಯ ಆಚೆ ಏನೂ ಕಾಣುವುದಿಲ್ಲ, ತಗ್ಗಿನಲ್ಲಿ ಇಳಿಯುವಾಗ ರಸ್ತೆ ಅರ್ಧಕ್ಕೇ ಮುಗಿದಂತೆ ತೋರುತ್ತದೆ. ತಾಮ್ಹಿಣಿ, ಅಂಬೋಲಿ ಘಾಟುಗಳ ಮಂಜಿಗೆ ಈ ದೀಪ ಪರಿಹಾರವಲ್ಲ, ಅಲ್ಲಿ ಕೆಳಗೆ ಕೂರಿಸಿದ ಫಾಗ್ ಲ್ಯಾಂಪೇ ಬೇಕು. ಹೊತ್ತಿಸಿದ ಮೇಲೆ ಪೂರ್ಣ ಬೆಳಕಿಗೆ ಬರಲು ಕೆಲವು ಸೆಕೆಂಡು ಹಿಡಿಯುತ್ತದೆ. ಹಗಲಲ್ಲಿ ಪದೇ ಪದೇ ಡಿಪ್ಪರ್ ಹೊಡೆಯುವ ಅಭ್ಯಾಸವಿರುವವರು ಅದನ್ನು ಬಿಡಬೇಕು, ಪ್ರತಿ ಸಲ ಕಿಡಿ ಹಚ್ಚಿದಾಗಲೂ ಬಲ್ಬಿನ ಆಯುಷ್ಯ ತಗ್ಗುತ್ತದೆ.

ಅಂಗಡಿಯ ಮೇಲಿನ ನನ್ನ ಮುಖ್ಯ ದೂರು ಮಳೆಗಾಲದ್ದು. ಜೋರು ಮಳೆಗಳು ಬಿದ್ದ ಮೇಲೆ ಎಡದೀಪದ ಒಳಗೆ ಹನಿಗಳು ಕೂತವು. ವೈರು ಹಾಯಿಸಲು ಹಿಂಬದಿಯ ರಬ್ಬರ್ ಮುಚ್ಚಳದಲ್ಲಿ ಕೊರೆದ ರಂಧ್ರಕ್ಕೆ ಸರಿಯಾದ ಗ್ರಾಮೆಟ್ (ರಂಧ್ರದ ಅಂಚಿಗೆ ಕೂರುವ ರಬ್ಬರ್ ಬಳೆ) ಹಾಕಿರಲಿಲ್ಲ, ಒಂದು ಬದಿಯ ಹಳೆಯ ಬ್ಯುಟೈಲ್ ಅಂಟನ್ನು ಪೂರ್ತಿ ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಕಿದ್ದರು. ಹಣ ಕೇಳದೆ ಮತ್ತೆ ಬಿಚ್ಚಿ ಸರಿಪಡಿಸಿದರೂ, ಮೊದಲ ಸಲವೇ ಮಾಡಬೇಕಾದ ಕೆಲಸವದು. ವಾರಂಟಿಯನ್ನು ಬಾಯಿಮಾತಿನಲ್ಲಿ ಹೇಳಿದರೇ ಹೊರತು ಬಿಲ್ಲಿನಲ್ಲಿ ಬರೆಯಲಿಲ್ಲ.

ಇನ್ನೊಂದು ವಿಷಯವನ್ನು ಅವರು ತಾವಾಗಿ ಹೇಳಬೇಕಿತ್ತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ, ಅನುಮತಿಯಿಲ್ಲದೆ ವಾಹನಕ್ಕೆ ಬದಲಾವಣೆ ಮಾಡಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳ ತನಕ ಸಜೆ, ಅಥವಾ ಎರಡೂ ಎಂದಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮವಂತೂ ಅಳತೆ ಸಮೇತ ಹೇಳುತ್ತದೆ: ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಅದು ಕುಕ್ಕಬಾರದು. ನಾನು ಆ ಜಾಗದಲ್ಲಿ ನಿಂತು ನೋಡಿದ್ದೇನೆ, ನಮ್ಮ ದೀಪ ಅಲ್ಲಿ ಕುಕ್ಕುವುದಿಲ್ಲ. ಆದರೆ ಅಷ್ಟರಿಂದಲೇ ಈ ಬದಲಾವಣೆಗೆ ಅನುಮತಿ ಸಿಕ್ಕಂತಾಗುವುದಿಲ್ಲ. ಹಣ ತೆಗೆದುಕೊಳ್ಳುವ ಮುನ್ನ ಗ್ರಾಹಕನಿಗೆ ಇದನ್ನು ತಿಳಿಸುವುದು ಅಂಗಡಿಯವರ ಹೊಣೆ, ಆರ್‌ಟಿಒದಲ್ಲಿ ಮೊದಲೇ ವಿಚಾರಿಸುವುದು ಗ್ರಾಹಕನ ಹೊಣೆ.

ಪ್ರೊಜೆಕ್ಟರ್, ಬಲ್ಬು, ಬ್ಯಾಲಸ್ಟ್, ವೈರಿಂಗ್ ಮತ್ತು ಮಜೂರಿ ಸೇರಿ 17,500 ರೂಪಾಯಿ ತೆಗೆದುಕೊಂಡರು. ಪಕ್ಕದ ಅಂಗಡಿಗಳಲ್ಲಿ ಬಲ್ಬಿನ ಡಬ್ಬಿಗೆ ಹೇಳಿದ್ದು 2,500. ಊರೊಳಗೆ ಹಡಪ್ಸರ್‌ನಿಂದ ಹಿಂಜೆವಾಡಿಗೆ ಓಡಾಡುವವರಿಗೆ ಈ ಖರ್ಚು ಬೇಡ, ಒಳ್ಳೆಯ ಕಂಪನಿಯ ಹೊಸ ಹ್ಯಾಲೊಜನ್ ಜೋಡಿ, ಪಾಲಿಶ್ ಮಾಡಿದ ಗಾಜು, ಸರಿಯಾದ ಬೀಮ್ ಸೆಟ್ಟಿಂಗ್ ಸಾಕು. ರಾತ್ರಿ ಪ್ರಯಾಣ ತಪ್ಪದವರು ಹಾಕಿಸುವುದಾದರೆ ಮಳೆಗಾಲಕ್ಕೆ ಮುಂಚೆ ಹಾಕಿಸಿ, ದೀಪ ಕೂರಿಸಿದ ಮೇಲೆ ಪೈಪಿನಿಂದ ಜೋರಾಗಿ ನೀರು ಬಿಟ್ಟು ಪರೀಕ್ಷಿಸಿ, ವಾರಂಟಿಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಂಡು ಆಮೇಲೆ ಹಣ ಕೊಡಿ.